ಮಾಸ್ಟ್ರ ಲ್ಯಾಪ್‌ಟಾಪಿನ ಹಳೆಯ ಡಿಸ್ಕ್

ಜೂನ್ ನಾಲ್ಕು, ಗುರುವಾರ. ಮಳೆ ಇನ್ನೂ ಇಳಿದಿರಲಿಲ್ಲ. ಬರುವ ಮಳೆಯ ಸೆಕೆ ಮಾತ್ರ ಮುಂಬಯಿಯ ಜೋಗೇಶ್ವರಿಯನ್ನು ಬೇಯಿಸುತ್ತಿತ್ತು. ಠಾಣೆಯ ಮಾಡಿನ ಮೇಲೆ ಇಬ್ಬರು ಪೇದೆಗಳು ನೀಲಿ ತಾಡಪತ್ರಿ ಹಾಸಿ ಇಟ್ಟಿಗೆ ಹೇರುತ್ತಿದ್ದರು. ಕೆಳಗೆ ನಿಂತ ಇನ್ಸ್‌ಪೆಕ್ಟರ್ ಗುರುಬಸವ ಗಾಳಿ ನೋಡಿ, "ಪಡುವಣ ಮೂಲಿ ಇನ್ನಷ್ಟು ಬಿಗೀರಿ" ಎಂದ. ಅಕ್ಕಲಕೋಟೆ ಕಡೆಯ ಒಕ್ಕಲು ಮನೆಯವನು. ಊರಲ್ಲಿ ಈ ಹೊತ್ತಿಗೆ ಹೊಲ ಹರಗಿ, ಬಿತ್ತುವ ಕೂರಿಗೆ ರಿಪೇರಿಗೆಂದು ಬಡಿಗನ ಮನೆ ಸೇರಿರುತ್ತಿತ್ತು.

ಬೆಳಿಗ್ಗೆ 9:40ಕ್ಕೆ ಬಟ್ಟೆಯ ಚೀಲ ಅಪ್ಪಿಕೊಂಡು ಒಬ್ಬ ಮುದುಕರು ಬಂದರು. ಹೆಸರು ಚೆನ್ನಯ, ಉಡುಪಿ ಕಡೆಯವರು. ಮೂವತ್ತು ವರ್ಷ ಹಗಲು ಹೋಟೆಲಿನ ಹಣದ ಗಲ್ಲೆಯಲ್ಲಿ ಕೂತು, ಸಂಜೆ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು.

"ಕಳ್ಳತನದ ದೂರು ಕೊಡ್ಲಿಕ್ಕುಂಟು."

"ಏನ್ ಹೋಗೇತ್ರಿ?"

"ಲ್ಯಾಪ್‌ಟಾಪ್."

"ಚೀಲದಾಗ ಏನೈತಿ?"

"ಅದೇ ಲ್ಯಾಪ್‌ಟಾಪ್. ಮಂಗಳವಾರ ಹೋಯ್ತು, ನಿನ್ನೆ ಸಂಜೆ ಮೇಜಿನ ಮೇಲೆ ವಾಪಸ್ ಬಂದು ಕೂತಿತ್ತು."

ಹವಾಲ್ದಾರ್ ದೇವಕ್ಕ ನಕ್ಕಳು. "ಸಾಹೇಬ್ರ, ಕಳ್ಳರೂ ರಿಟರ್ನ್ ಟಿಕೀಟು ತಗಸಾಕ ಹತ್ಯಾರ!"

"ನಗಬೇಡಮ್ಮ. ಮೊದಲು ಇದರ ಗುಂಡಿ ಒತ್ತಿ, ಚಾ ಕುಡಿದು, ಲೋಟ ತೊಳೆದಿಟ್ಟರೂ ಇದು ಏಳ್ತಿರಲಿಲ್ಲ. ಈಗ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದ್ದು ನಿಲ್ತದೆ. ಆದರೆ ಒಳಗೆ ಏನೂ ಇಲ್ಲ. ಬಾವಿ ಉಂಟು, ನೀರಿಲ್ಲ ಮಾರಾಯ್ರೇ."

ಒಳಗಿದ್ದದ್ದು ನಾಲ್ಕು ವರ್ಷದ ದುಡಿಮೆ: ಮುಚ್ಚಿಹೋದ ರಾತ್ರಿ ಶಾಲೆಯ ಫೋಟೋಗಳು, ವರ್ಷವರ್ಷದ ಪರೀಕ್ಷೆಯ ಫಲಿತಾಂಶದ ಪುಟಗಳು. ಮೂಲ ರಿಜಿಸ್ಟರನ್ನು ಗೆದ್ದಲು ತಿಂದಿತ್ತು. ಭಾನುವಾರ ಸಯನ್‌ನಲ್ಲಿ ಹಳೆ ವಿದ್ಯಾರ್ಥಿಗಳ ಸಭೆ. ಎಲ್ಲವನ್ನೂ ದೊಡ್ಡ ಪರದೆಯ ಮೇಲೆ ತೋರಿಸುವುದಿತ್ತು.

"ಇದು ಹೋದರೆ ಅಂಥದ್ದೊಂದು ಶಾಲೆ ಇತ್ತು ಅನ್ನಲಿಕ್ಕೆ ಪುರಾವೆಯೇ ಇಲ್ಲ" ಎಂದು ಮುದುಕರು ಕನ್ನಡಕ ಒರೆಸಿಕೊಂಡರು.

10:25ಕ್ಕೆ ಎಫ್‌ಐಆರ್ ದಾಖಲಾಯಿತು: ವಾಸದ ಮನೆಯಲ್ಲಿ ಕಳವು. ಹನ್ನೆರಡಕ್ಕೆ ಚೆನ್ನಯರ ಮನೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ, ಕೀಲಿಕೈ ಬಾಗಿಲ ಮೇಲಿನ ಪಟ್ಟಿಯ ಮೇಲಿರುತ್ತದೆಂದು ಬಂದುಹೋಗುವವರಿಗೆಲ್ಲ ಗೊತ್ತಿತ್ತು. ಸಾಕ್ಷಿಗೆ ನಿಂತ ಪಂಚರ ಎದುರು ಲ್ಯಾಪ್‌ಟಾಪಿನ ಅಡಿ ಬಿಚ್ಚಿದರು. ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇರಲಿಲ್ಲ, ಅದರ ಜಾಗದಲ್ಲಿ ಹೊಚ್ಚ ಹೊಸ ಎಸ್‌ಎಸ್‌ಡಿ ಡಿಸ್ಕ್. ಅದರ ಮೇಲೆ ಮೂರು ಬೆರಳ ವಿಭೂತಿ.

"ಹಾಕಿದಾಂವ ನಮ್ಮ ಕಡಿಯಾಂವ ರೀ" ಎಂದಳು ದೇವಕ್ಕ.

ಮುಚ್ಚಿ ಚಾಲೂ ಮಾಡಿದಾಗ ಪರದೆಯ ಮೇಲೆ ಬಳಕೆದಾರನ ಹೆಸರು ಬಂತು: ಚೆನ್ನಯ ಮಾಸ್ಟ್ರು.

"ನಿಮಗ ಮಾಸ್ಟ್ರು ಅಂತ ಯಾರು ಕರೀತಾರ?" ಗುರುಬಸವ ಕೇಳಿದ.

"ನನ್ನ ಹತ್ರ ಕಲಿತವರು. ಬಿಲ್ಡಿಂಗಿನವರಿಗೆಲ್ಲ ನಾನು ಅಂಕಲ್."

"ಹಂಗಾದ್ರ ಕಳ್ಳ ನಿಮ್ಮ ಶಿಷ್ಯ."

"ಛೆ! ನನ್ನ ಮಕ್ಕಳು ಅಂಥವರಲ್ಲ" ಎಂದು ಚೆನ್ನಯ ಮುಖ ತಿರುಗಿಸಿದರು.

ಡಿಸ್ಕಿನ ಮೇಲಿನ ನಂಬರು ಹಿಡಿದು ವಿತರಕನಿಗೆ ಫೋನ್ ಮಾಡಿದರೆ, ಮಾಲು ಸಯನ್‌ನ ಒಂದು ರಿಪೇರಿ ಅಂಗಡಿಗೆ ಹೋದದ್ದು ತಿಳಿಯಿತು. ಮಧ್ಯಾಹ್ನ 3:15. ಅಂಗಡಿಯ ಗುರುಪಾದ ಕಲಬುರಗಿಯವನು. ಅವನ ಹಣೆಯ ಮೇಲೂ ಅದೇ ಮೂರು ಗೆರೆ.

"ಡಿಸ್ಕಿಗೆ ವಿಭೂತಿ ಯಾಕಪಾ?"

"ಹೊಸ ಸಾಮಾನು ಒಳಗ ಹೋಗೂಮುಂದ ಹಂಗ ಕಳಸೂದೇನ್ರಿ?"

"ಹಳೇದು ಸತ್ತಿತ್ತೇನು?"

"ಇಲ್ರಿ, ಮುಪ್ಪಾಗಿತ್ತು. ಅದರಾಗಿಂದು ಹೊಸದಕ್ಕ ತುಂಬಿ ಕೊಡ್ತೀನಿ ಅಂದೆ, ಗಿರಾಕಿ ಬ್ಯಾಡ ಅಂದ್ರು. ಖಾಲಿ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿದೆ. ಕಡೀಕ ಅದು ಹೆಸರು ಕೇಳ್ತೈತಿ. ಏನ್ ಬರೀಲಿ ಅಂದ್ರ, 'ಚೆನ್ನಯ ಮಾಸ್ಟ್ರು ಅಂತ ಬರಿ, ಬರೇ ಚೆನ್ನಯ ಅಂತ ಬರೀಬೇಡ' ಅಂತ ಬೈದ್ರು ನೋಡ್ರಿ."

"ಹಳೇ ಡಿಸ್ಕು?"

"ಬಿಚ್ಚಿದ್ದು ಗಿರಾಕಿ ಕೈಗೇ ಕೊಡೂದು ನಮ್ಮ ಪದ್ಧತಿ."

ಬಿಲ್ಲಿನಲ್ಲಿದ್ದ ಹೆಸರು ಸುಕೇಶ್. ಎರಡು ಓಣಿ ಆಚೆ ಅವನದೊಂದು ಹೋಟೆಲು. ವಯಸ್ಸು ಐವತ್ತು, ಭಾನುವಾರದ ಸಭೆಯ ಊಟದ ಏರ್ಪಾಡು ಅವನದೇ. ಖಾಕಿ ಕಂಡೊಡನೆ ಗಲ್ಲೆಯಿಂದ ಎದ್ದು ನಿಂತ.

"ಡಿಸ್ಕ್ ಎಲ್ಲಿ?"

ಎರಡನೆಯ ಮಾತು ಬೇಕಾಗಲಿಲ್ಲ. ದೇವರ ಪಟದ ಕೆಳಗಿನ ಡ್ರಾಯರಿನಿಂದ, ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದಿಟ್ಟ.

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಸರ್. ಅದರಲ್ಲಿ ನನ್ನದೂ ಫೋಟೋ ಉಂಟು."

"ಬರೇ ಅಳಿಸಿಬಿಟ್ಟಿದ್ರ ಆಗ್ತಿರಲಿಲ್ಲೇನು?"

"ಅಳಿಸಿದ್ದನ್ನು ತಿರುಗಿ ತೆಗೀಬಹುದಂತೆ. ಮತ್ತೆ, ಮಾಸ್ಟ್ರಿಗೆ ಅದು ಸ್ಲೋ ಅಂತ ಬೇಜಾರಿತ್ತು. ಹೋಗೋದು ಹೋಗ್ಲಿ, ಅವರಿಗೊಂದು ಒಳ್ಳೇದಾಗ್ಲಿ ಅಂತ..."

ದೇವಕ್ಕ ಸೆರಗಿಲ್ಲದ ಸಮವಸ್ತ್ರದಲ್ಲಿ ನಗು ಮುಚ್ಚಲು ಜಾಗ ಸಿಗದೆ ಹೊರಗೆ ಹೋದಳು.

ಸಂಜೆ 5:50. ಠಾಣೆಯಲ್ಲಿ ಪಂಚರ ಎದುರು ಗುರುಪಾದ ಹಳೆಯ ಡಿಸ್ಕನ್ನು ಕೇಬಲ್ಲಿನಿಂದ ಜೋಡಿಸಿದ. ಅದು ಮುದಿ ಎತ್ತಿನಂತೆ ಏದುಸಿರು ಬಿಟ್ಟು ಎದ್ದಿತು. ಚೆನ್ನಯರ ಮುಖ ಅರಳಿತು: ಒಂದೂ ಹೋಗಿರಲಿಲ್ಲ. ಸುಕೇಶ್ ತಲೆ ತಗ್ಗಿಸಿದ. ಪರದೆಯ ಮೇಲೆ ಎಣ್ಣೆ ಹಚ್ಚಿ ಬಾಚಿದ ಹುಡುಗ ಸುಕೇಶನ ಫೋಟೋ, ಮುಂದಿನ ಪುಟದಲ್ಲಿ ಅವನ ಅಂಕ: ಕನ್ನಡ 71, ಚರಿತ್ರೆ 64. ಗಣಿತ: ಗೈರು.

"ಆ ದಿನ ಗೇಟಲ್ಲಿ ನಿನಗಾಗಿ ಕಾದು ನಿಂತಿದ್ದೆ. ಎಲ್ಲಿ ಹೋಗಿದ್ದೆ ಮಾರಾಯ?"

"ದೋಸೆ ಭಟ್ರಿಗೆ ಜ್ವರ, ಮಾಸ್ಟ್ರೇ. ಧಣಿ ಕಾವಲಿ ಮುಂದೆ ನಿಲ್ಲಿಸಿದ್ರು."

ಹೋದ ವರ್ಷ ಸುಕೇಶನ ಮಗ ಅಕ್ಷಯ ಹನ್ನೆರಡನೆಯದರಲ್ಲಿ ಗಣಿತ ಫೇಲಾದ. ಅಂದಿನಿಂದ ದಿನವೂ ಊಟದ ಹೊತ್ತಿಗೆ, "ನಾನು ಲೋಟ ತೊಳೆದೇ ಗಣಿತ ಪಾಸಾದವ" ಎಂದು ಸುಕೇಶ್ ಬಡಿಸುತ್ತ ಬಂದಿದ್ದ. ಭಾನುವಾರ ಸಭೆಗೆ ಮನೆಯವರೆಲ್ಲ ಬರುವವರಿದ್ದರು, ಆ 'ಗೈರು' ದೊಡ್ಡ ಪರದೆಯ ಮೇಲೆ ಬರುವುದಿತ್ತು.

"ದೂರು ವಾಪಸ್ ತೆಗೆಯಬಹುದಾ?" ಚೆನ್ನಯ ಮೆಲ್ಲಗೆ ಕೇಳಿದರು.

"ಬಿತ್ತಿದ ಬೀಜ ಹೆಕ್ಕಿ ತಗಿಯಾಕ ಬರೂದಿಲ್ರಿ. ನಾಳೆ ಕೋರ್ಟಿನ್ಯಾಗ ಹೇಳ್ರಿ. ಭಾನುವಾರದೊಳಗ ಇದರ ಪ್ರತಿ ನಿಮಗ ಸಿಗೂ ಹಂಗ ನಾನೂ ಬರೀತೀನಿ."

6:20ಕ್ಕೆ ಬಂಧನ. ಮನೆಯವರೊಬ್ಬರಿಗೆ ತಿಳಿಸಬೇಕಿತ್ತು. ಸುಕೇಶ್ ಪೆನ್ನು ಹಿಡಿದು ಬಹಳ ಹೊತ್ತು ಕೂತು, ಮಗನ ನಂಬರನ್ನೇ ಬರೆದ.

ಅಕ್ಷಯ ಓಡಿ ಬಂದ. ಅಪ್ಪನನ್ನು ನೋಡಿದ, ಪರದೆ ನೋಡಿದ. ಕನ್ನಡ ಓದಲು ಬಾರದವನು, ಅಂಕಿ ಇಲ್ಲದ ಸಾಲಿನ ಮೇಲೆ ಬೆರಳಿಟ್ಟು ಏನು ಬರೆದಿದೆ ಎಂದು ಕೇಳಿದ.

"ಯೇ ಕ್ಯಾ ಲಿಖಾ ಹೈ?"

"ಮ್ಯಾಥ್ಸ್, ಆಬ್ಸೆಂಟ್" ಎಂದಳು ದೇವಕ್ಕ.

"ಪಪ್ಪಾ, ನೀವು ಪೇಪರೇ ಬರೀಲಿಲ್ವಾ? ನಾನು ತೋ ಬರ್ದೆ! ಫೇಲ್ ಆದೆ, ಲೇಕಿನ್ ಬರ್ದೆ!"

ಮೊದಲು ನಕ್ಕವರು ಚೆನ್ನಯ. ಆಮೇಲೆ ಠಾಣೆಯೇ ನಕ್ಕಿತು. ಗುರುಬಸವ ಕೇಸ್ ಡೈರಿಯಲ್ಲಿ ಬರೆದ: "ಉದ್ದೇಶ: ಲಾಭವಲ್ಲ. ಮಗನ ಎದುರು ಸಣ್ಣವನಾಗುವ ಅಂಜಿಕೆ."

ಒಳಗೆ ಕರೆದೊಯ್ಯುವಾಗ ಸುಕೇಶ್ ಮಗನ ಕಡೆ ತಿರುಗಿದ. ಒಂದು ವರ್ಷದಿಂದ ಮಗನಿಗೆ ಸಲ್ಲಬೇಕಾಗಿದ್ದ 'ತಪ್ಪಾಯ್ತು' ಎಂಬ ಮಾತೊಂದು ತುಟಿಯವರೆಗೆ ಬಂದದ್ದು ಗುರುಬಸವನಿಗೂ ಕಂಡಿತು. ಹೊರಬಿದ್ದದ್ದು ಬೇರೆ.

"ತಿಂಡಿ ತಿಂದ್ಯಾ?"

"ಇಲ್ಲ."

"ಹೋಟೆಲಿಗೆ ಹೋಗು. ದೋಸೆ ಕೇಳಿ ತಿನ್ನು."

ಹುಡುಗ ತಲೆಯಾಡಿಸಿದ, ಹೋಗದೆ, ಮಾಸ್ಟ್ರ ಪಕ್ಕದ ಬೆಂಚಿನಲ್ಲಿ ಕೂತ.