ಗೆದ್ದಲಿಗೆ ಬಿಟ್ಟ ಕಂಬ

"ಈ ಒಂದು ಕಂಬವನ್ನ ಮಾತ್ರ ಗೆದ್ದಲಿಗೆ ಬಿಟ್ಬಿಡಿ ತಾಯಿ," ಎಂದ ಮುದುಕ ಬಡಗಿ. "ಉಳಿದ ಮನೆ ನಿಮ್ಮಿಷ್ಟ."

ಅವಳಿಗೆ ನಗು ಬಂತು. ಹದಿನೈದು ವರ್ಷದಿಂದ ಹಳೆಯ ಮನೆಗಳ ಮರಗೆಲಸ ರಿಪೇರಿ ಮಾಡಿಕೊಂಡು ಬಂದವಳಿಗೆ, ಗೆದ್ದಲಿಗೆ ಊಟ ಬಡಿಸು ಎಂದು ಹೇಳಿದ ಮೊದಲ ಬಡಗಿ ಇವನೇ. ಟೊಳ್ಳಾದ ತೊಲೆ, ಕೊಳೆತ ಕಿಟಕಿ, ಮುರಿದ ಮೆಟ್ಟಿಲು, ಯಾವುದನ್ನೂ ಅವಳು ಎಸೆದವಳಲ್ಲ. ಕೆಟ್ಟಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಒಳ್ಳೆಯ ಮರ ಕೂಡಿಸಿ, ತೆಗೆದ ಮೊಳೆಯನ್ನು ತೆಗೆದ ಜಾಗಕ್ಕೇ ಹೊಡೆಯುವುದು ಅವಳ ಪದ್ಧತಿ. ಹಳೆಯದು ಹಳೆಯ ಜಾಗದಲ್ಲೇ ಇರಬೇಕು ಎನ್ನುವುದರಲ್ಲಿ ಅವಳದು ಕತ್ತೆಯ ಹಟ. ಊರವರ ಮನೆಗಳನ್ನೆಲ್ಲ ಎತ್ತಿ ನಿಲ್ಲಿಸಿದ ಮೇಲೆ ಈಗ ತನ್ನದೇ ಅಂತ ಒಂದು ಮನೆ ಸಿಕ್ಕಿತ್ತು. ನೂರು ಚಿಲ್ಲರೆ ವರ್ಷದ್ದು, ಹೆಂಚು ಜಾರಿದ್ದು, ಬಾವಲಿ ಹಿಕ್ಕೆಯ ಹುಳಿ ವಾಸನೆಯದ್ದು. ಅವಳ ಕಣ್ಣಿಗೆ ಮಾತ್ರ ಬಂಗಾರ.

ಆ ಕಂಬ ಪಡಸಾಲೆಯ ನಟ್ಟನಡುವೆ ಇತ್ತು. ಹಲಸಿನ ಮರದ್ದು, ಅಪ್ಪಿದರೆ ಎರಡು ಕೈಗೂ ಸಿಗದಷ್ಟು ದಪ್ಪ. ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳು ನರಗಳಂತೆ ಮೇಲೆ ಹತ್ತಿದ್ದವು. ಬೆರಳಲ್ಲಿ ಒತ್ತಿದರೆ ಮರ ಪುಡಿಯಾಗುತ್ತಿತ್ತು. ಹಿಂದಿನವರು ಅದನ್ನು ಸರಿ ಮಾಡುವ ಬದಲು ಪಕ್ಕದಲ್ಲೇ ಇಟ್ಟಿಗೆಯ ಇನ್ನೊಂದು ಕಂಬ ಕಟ್ಟಿ, ತೊಲೆಯ ಭಾರವನ್ನೆಲ್ಲ ಅದರ ತಲೆಗೆ ಹೊರಿಸಿದ್ದರು. ಅಂಥ ದಂಡದ ಕೆಲಸ ಯಾಕೆ ಮಾಡಿದರೋ ಅವಳಿಗೆ ಅರ್ಥವಾಗಲಿಲ್ಲ.

"ಯಾಕೆ ಬಿಡಬೇಕು ತಾತ?"

"ಇದಕ್ಕೆ ಮಾಟ ಮಾಡಿದಾರೆ."

"ಮಾಟ ಇದ್ರೆ ಗೆದ್ದಲು ಹೇಗೆ ತಿಂತಿದೆ?"

"ಗೆದ್ದಲಿಗೆ ಮಾಟ ತಗಲಲ್ಲ. ಅದಕ್ಕೆ ಇವರು ಅವರು ಅಂತಿಲ್ಲ." ಮುದುಕ ಕಂಬದಿಂದ ಮಾರು ದೂರ ನಿಂತೇ ಮಾತಾಡುತ್ತಿದ್ದ. "ಇನ್ನು ನಾಲ್ಕೈದು ವರ್ಷ. ಅದೇ ತಿಂದು ಮುಗಿಸುತ್ತೆ. ಅಲ್ಲೀವರೆಗೆ ಮಗೂನ ಇದಕ್ಕೆ ಒರಗಿಸಿ ನಿಲ್ಲಿಸಬೇಡಿ."

"ಕೂಡಿಕೆ ಕೆಲಸಕ್ಕೆ ಕೈ ನಡುಗುತ್ತೆ ಅಂದ್ರೆ ಹಾಗೇ ಹೇಳಿ ತಾತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮುದುಕ ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ. ಹೋಗುವಾಗ ಅವನ ಕಣ್ಣು ಅಂಗಳದಲ್ಲಿ ಆಡುತ್ತಿದ್ದ ಅವಳ ಮಗಳ ಮೇಲೇ ಇತ್ತು.

ಅವಳು ಒಬ್ಬಳೇ ಕೆಲಸಕ್ಕೆ ಇಳಿದಳು. ತೊಲೆಗೆ ಜಾಕಿ ಕೊಟ್ಟು ಇಟ್ಟಿಗೆ ಕಂಬವನ್ನು ಕೆಡವಿದಳು. ಹಲಸಿನ ಕಂಬದ ಬಣ್ಣ ಹೆರೆದಳು. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಸುಣ್ಣ. ಎಲ್ಲದರ ಕೆಳಗೆ ಉಳಿಯಲ್ಲಿ ಕೊರೆದ ಗೆರೆಗಳು ಕಂಡವು. ಮಕ್ಕಳ ಎತ್ತರ ಗುರುತು ಹಾಕಿದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದಲ್ಲಿ ಅಂಕೆಗಳೂ ಇದ್ದವು. ಎಲ್ಲಕ್ಕಿಂತ ಮೇಲಿನದು ಒಂದು, ಅದರ ಕೆಳಗೆ ಎರಡು, ಹಾಗೇ ಇಳಿಯುತ್ತ ಮೊಣಕಾಲಿನ ಎತ್ತರದಲ್ಲಿ ಆರು. ಅದರ ಕೆಳಗಿನದ್ದನ್ನು ಗೆದ್ದಲು ತಿಂದಿತ್ತು. ಯಾರೋ ಪುಣ್ಯಾತ್ಮರು ತಲೆಕೆಳಗಾಗಿ ಲೆಕ್ಕ ಕಲಿತಿದ್ದಾರೆ ಎಂದು ಗಂಡನಿಗೆ ತೋರಿಸಿ ನಕ್ಕಳು.

ಕೊಳೆತ ಬುಡವನ್ನು ಮೊಣಕಾಲಿನ ಕೆಳಗೆ ಕತ್ತರಿಸಿದಾಗ ಒಳಗಿಂದ ಗೇಣುದ್ದದ ತಾಮ್ರದ ಮೊಳೆ ಸಿಕ್ಕಿತು. ಅದರ ಸುತ್ತ ಏನೋ ಕಪ್ಪಗೆ ಸುತ್ತಿತ್ತು. ನಾರಿರಬೇಕು ಎಂದುಕೊಂಡಳು. ನಾರು ಇಷ್ಟು ನಯವಾಗಿ ಇರುವುದಿಲ್ಲ ಎಂದು ಬೆರಳಿಗೆ ಗೊತ್ತಾಯಿತು, ಆದರೆ ಬೆರಳಿನ ಮಾತು ಕೇಳುವ ಪುರಸೊತ್ತು ಅವಳಿಗಿರಲಿಲ್ಲ. ಹೊಸ ಹಲಸಿನ ತುಂಡನ್ನು ಕೂದಲೆಳೆ ತೂರದಂತೆ ಕೂಡಿಸಿ, ಅಗಸೆ ಎಣ್ಣೆ ಕುಡಿಸಿ, ಗೆದ್ದಲಿನ ಔಷಧಿ ಬಳಿದು, ಮೊಳೆಯನ್ನು ಅದರ ಸುತ್ತಿನ ಸಮೇತ ಮೊದಲಿದ್ದ ಜಾಗಕ್ಕೇ ಹೊಡೆದಳು. ಹಳೆಯದು ಹಳೆಯ ಜಾಗದಲ್ಲೇ ಇರಬೇಕಲ್ಲ. ಜಾಕಿ ಇಳಿಸಿದಾಗ ಕಂಬ ತೊಲೆಯನ್ನು ಹೊತ್ತು ನಿಂತಿತು. ಅವಳ ಕೈಯಲ್ಲಿ ಅಷ್ಟು ಚಂದದ ಕೂಡಿಕೆ ಹಿಂದೆಂದೂ ಬಂದಿರಲಿಲ್ಲ.

ಮಗಳಿಗೆ ಒಂಬತ್ತು ವರ್ಷ. ತರಗತಿಯಲ್ಲೆಲ್ಲ ಗಿಡ್ಡ, ಅದಕ್ಕೇ ಅಪ್ಪ ಅವಳನ್ನು ಸಾಸಿವೆ ಎಂದು ಕರೆಯುತ್ತಿದ್ದ, ಅವಳು ಸಿಡಿದು ಬೀಳುತ್ತಿದ್ದಳು. ಹಳೆಯ ಗೆರೆಗಳನ್ನು ಕಂಡಿದ್ದೇ ಹುಡುಗಿ ಕಂಬಕ್ಕೆ ಬೆನ್ನು ಹಚ್ಚಿ ನಿಂತುಬಿಟ್ಟಳು.

"ಅಮ್ಮಾ, ನಂದೂ ಅಳತೆ ಹಾಕು. ಪ್ರತಿ ಭಾನುವಾರ ನೋಡೋಣ."

ಮಗಳ ನೆತ್ತಿಯ ಮೇಲೆ ಉಳಿಯನ್ನು ಅಡ್ಡ ಹಿಡಿದು ಅವಳು ಗೆರೆ ಕೊರೆದಳು. ಪಕ್ಕದಲ್ಲಿ ಒಂದು ಎಂದು ಬರೆದಳು. ಕಂಬದ ಒಳಗೆಲ್ಲೋ 'ಟಕ್' ಎಂದಿತು. ಕೂಡಿಕೆ ಕೂತುಕೊಳ್ಳುವ ಸದ್ದು ಎಂದು ಅವಳಿಗೆ ಸಮಾಧಾನವೇ ಆಯಿತು.

ಮುಂದಿನ ಭಾನುವಾರ ಸಾಸಿವೆಯ ತಲೆ ಗೆರೆಗಿಂತ ಒಂದು ಬೆರಳು ಕೆಳಗಿತ್ತು.

"ನೆಟ್ಟಗೆ ನಿಂತ್ಕೋ ಪುಟ್ಟ."

"ನೆಟ್ಟಗೇ ನಿಂತಿದೀನಮ್ಮ."

ಮಳೆಗಾಲ, ಕಂಬ ಉಬ್ಬಿದೆ ಎಂದು ಅವಳು ಹೇಳಿದಳು. ಹುಡುಗಿ ಮೊಂಡುಬಿದ್ದು ಅಲ್ಲೊಂದು ಗೆರೆ ಎಳೆದು ಎರಡು ಎಂದು ಬರೆದಳು. ಅದರ ಮುಂದಿನ ಭಾನುವಾರ ಮೂರು, ಈ ಸಲ ಗೇಣು ಕೆಳಗೆ. ಶಾಲೆಯ ಲಂಗ ಹಿಮ್ಮಡಿಗೆ ತಾಗತೊಡಗಿತು. ಬೂಟು ಕಾಲಲ್ಲಿ ನಿಲ್ಲದೆ ಟಪಟಪ ಎನ್ನತೊಡಗಿತು. ಒಂದು ಬೆಳಗ್ಗೆ ಸಾಸಿವೆ ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮಾ, ಬೇಸಿನ್ನ ಯಾಕೆ ಮೇಲಕ್ಕೆ ಹಾಕಿಸಿದೆ?"

ಅವಳ ಕೈಯ ಸೌಟು ಹಾಗೇ ನಿಂತಿತು. ತೇವಕ್ಕೆ ಮರ ದಪ್ಪಗೆ ಉಬ್ಬುತ್ತದೆ, ನಿಜ. ಉದ್ದಕ್ಕೆ ಬೆಳೆಯುವುದಿಲ್ಲ. ಕಡಿದ ಮರ ಉದ್ದ ಬೆಳೆಯುವುದಿಲ್ಲ ಎಂದು ಮರದ ಕೆಲಸಕ್ಕೆ ಹೊಸದಾಗಿ ಬಂದವರಿಗೂ ಗೊತ್ತು. ತನ್ನ ಬಾಯಿಂದಲೇ ಬಂದ ಸುಳ್ಳನ್ನು ತಾನೇ ಇಷ್ಟು ದಿನ ನಂಬಿದ್ದಳು. ಪಡಸಾಲೆಗೆ ಹೋಗಿ ನೋಡಿದಳು. ಒಂದು ಮೇಲೆ, ಎರಡು ಕೆಳಗೆ, ಮೂರು ಇನ್ನೂ ಕೆಳಗೆ. ಪಕ್ಕದಲ್ಲೇ ಯಾವುದೋ ಕಾಲದ ಮಗುವಿನದ್ದೂ ಒಂದು, ಎರಡು, ಮೂರು. ಯಾರೂ ಲೆಕ್ಕ ತಪ್ಪಿರಲಿಲ್ಲ. ಆ ಮಗು ಇಳಿದಿತ್ತು.

ಗಂಡ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವನು. ಮಗಳನ್ನು ಅಂದೇ ಕರೆದುಕೊಂಡು ಹೋಗಿ ಮಧ್ಯಾಹ್ನ ಹಿಂದಿರುಗಿದ. ಮಾತಾಡದೆ ಫಿಲ್ಮನ್ನು ಕಿಟಕಿಗೆ ಹಿಡಿದ. ಕಾಲಿನ ಎಲುಬು ಬೆಳ್ಳಗೆ ಕಂಡಿತು. ಎಲುಬಿನ ಉದ್ದಕ್ಕೂ ಸಣ್ಣ ಸಣ್ಣ ಎಳೆಗಳು, ನಡುವೆ ಒಂದು ಗಂಟು.

"ಡಾಕ್ಟ್ರು ಮಷಿನ್ ಕೆಟ್ಟಿದೆ ಅಂದ್ರು," ಎಂದ ಅವನು. "ಅದರಲ್ಲೇ ನನ್ನ ಕೈದೂ ಎಕ್ಸ್-ರೇ ತೆಗೆದು ನೋಡಿದೆ ಕಣೇ. ಮಷಿನ್ ಚೆನ್ನಾಗೇ ಇದೆ."

ಅವಳು ಗುರುತು ಹಿಡಿದಿದ್ದಳು. ಅದು ಹಲಸಿನ ಮರದ ಎಳೆ.

ಮುದುಕನ ಮನೆಗೆ ಓಡಿದಳು. ಅವನು ಬಂದವನು ಹೊಸ ಬುಡವನ್ನು ನೋಡಿ ಹೊಸ್ತಿಲು ದಾಟದೆ ಅಲ್ಲೇ ಕೂತ. ಹೊರಗೆ ಮೋಡ ಕವಿದು ಹಗಲೇ ಮಬ್ಬಾಗಿತ್ತು. ಕರೆಂಟು ಹೋಗಿತ್ತು. ಎಣ್ಣೆ ಕುಡಿದ ಮರದ ವಾಸನೆ ಮನೆಯೆಲ್ಲ ತುಂಬಿತ್ತು. ಅದರ ಒಳಗಿಂದ ಇನ್ನೊಂದು ವಾಸನೆ, ಎಳೆ ಕೂಸಿನ ನೆತ್ತಿಯದ್ದು.

"ನನ್ನಜ್ಜ ಮಾಡಿದ್ದು," ಎಂದ ಮುದುಕ. "ಅವನ ಮಗಳು ಸತ್ತಾಗ ಒಂದು ಹಲಸಿನ ಮರದ ಕೆಳಗೆ ಮಣ್ಣು ಮಾಡಿದ್ದ. ಈ ಮನೆ ಕಟ್ಟಿಸಿದವನಿಗೆ ಅದೇ ಮರ ಬೇಕಾಯ್ತು. ಕಾಲು ಹಿಡಿದ್ರೂ ಕೇಳ್ಲಿಲ್ಲ. ಕಡಿಸಿ, ಅಜ್ಜನ ಕೈಯಲ್ಲೇ ಕಂಬ ಮಾಡಿಸಿದ. ಬೇರಲ್ಲಿ ಮಗಳ ಕೂದಲು ಸಿಕ್ಕಿತ್ತು. ಅದನ್ನ ಮೊಳೆಗೆ ಸುತ್ತಿ ಬುಡಕ್ಕೆ ಹೊಡೆದ. ನನ್ನ ಕೂಸು ಬೆಳೀಲಿಲ್ಲ, ಈ ಮನೇಲಿ ಅಳತೆ ಕೊಟ್ಟ ಯಾವ ಕೂಸೂ ಬೆಳೀಬಾರದು ಅಂತ."

"ಆ ಆರರ ಕೆಳಗೆ? ಏಳು, ಎಂಟು... ಕೊನೆಗೆ ಏನಿತ್ತು?"

"ನೆಲ."

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಮಾಟದ ಕಂಬಕ್ಕೆ ಕೊಡಲಿ ಹಾಕಲು ಯಾರಿಗೂ ಎದೆ ಬರಲಿಲ್ಲ. ಕೊನೆಗೆ ಅವನ ಅಪ್ಪನೇ ಹುತ್ತದಿಂದ ಗೆದ್ದಲು ತಂದು ಅದರ ಬುಡಕ್ಕೆ ಬಿಟ್ಟ. ಮನೆಯವರು ಪಕ್ಕದಲ್ಲಿ ಇಟ್ಟಿಗೆ ಕಂಬ ಕಟ್ಟಿ, ಇದು ಸಾಯಲಿ ಎಂದು ಕಾದರು. ಸಾಯುತ್ತಿದ್ದುದನ್ನು ಅವಳು ಬದುಕಿಸಿದ್ದಳು.

"ಹಾಗಾದ್ರೆ ಈಗ ನಾನೇ ಕಡೀತೀನಿ."

"ಬೇಡ ತಾಯಿ. ಮೊದಲಾದ್ರೆ ಕಂಬ ಬರೀ ಕಂಬ. ಈಗ ಅದರಲ್ಲಿ ಮಗು ಇದೆ."

ಅವಳು ಕೇಳಲಿಲ್ಲ. ಎರಡನೆಯ ಸಲವೂ ಕೇಳಲಿಲ್ಲ. ಗರಗಸ ತಂದಳು. ಮೊಣಕಾಲೂರಿದಳು. ತಾನೇ ಕೂಡಿಸಿದ ಜಾಗಕ್ಕೆ ಹಲ್ಲು ಇಟ್ಟಳು. ಎಳೆದಳು. ಹಳದಿ ಹೊಟ್ಟು ಉದುರಿತು. ಮತ್ತೆ ಎಳೆದಳು. ಹೊಟ್ಟು ಒದ್ದೆಯಾಗಿತ್ತು. ಮೂರನೆಯ ಎಳೆತ. ಒಳಕೋಣೆಯಿಂದ ಮಗಳ ಚೀತ್ಕಾರ. ಕೈ ನಿಲ್ಲಲಿಲ್ಲ. ಇನ್ನೊಂದು ಎಳೆತ. ಇನ್ನೂ ದೊಡ್ಡ ಚೀತ್ಕಾರ. ಗಂಡನ ಕೂಗು. "ನಿಲ್ಸೇ! ನಿಲ್ಸು!" ಗರಗಸ ಕೈಜಾರಿತು. ಅವಳು ಓಡಿದಳು. ಹಾಸಿಗೆ ಕೆಂಪು. ಗಂಡನ ಅಂಗೈ ಕೆಂಪು. ಮಗಳ ಎಡಗಾಲು. ಮೊಣಕಾಲಿನ ಕೆಳಗೆ ಒಂದು ಗೆರೆ. ಹಲ್ಲು ಹಲ್ಲಾಗಿ ಹರಿದ ಗೆರೆ. ಕೂಡಿಕೆಯ ಎತ್ತರಕ್ಕೇ ಸರಿಯಾಗಿ.

"ಅಮ್ಮಾ," ಎಂದಳು ಸಾಸಿವೆ, "ಸಾಕು."

ಅವಳು ಪಡಸಾಲೆಗೆ ವಾಪಸು ಬಂದಳು. "ಬಿಡಿಸೋದು ಹೇಗೆ ತಾತ?"

ಮುದುಕ ನೆಲ ನೋಡಿದ. "ಒಂದು ಕಂಬಕ್ಕೆ ಒಂದೇ ಅಳತೆ. ದೊಡ್ಡದು ಕೊಟ್ರೆ ಚಿಕ್ಕದನ್ನ ಬಿಡುತ್ತೆ. ಆಮೇಲೆ ಮೊಳೆ ಇನ್ನೊಂದು ಸಲ ಹೊಡೀಬೇಕು."

"ನಂದು ಹಾಕೇ," ಎಂದು ಗಂಡ ಒಳಗಿಂದಲೇ ಕೂಗಿದ. ಮಗಳ ಕಾಲನ್ನು ಒತ್ತಿ ಹಿಡಿದ ಅವನ ಕೈ ಬಿಡುವ ಹಾಗಿರಲಿಲ್ಲ. ಇವಳು ಕಾಯಲೂ ಇಲ್ಲ. ಕಂಬಕ್ಕೆ ಬೆನ್ನು ಕೊಟ್ಟಳು. ಮರ ಬೆಚ್ಚಗಿತ್ತು. ತಲೆಯ ಮೇಲೆ ಉಳಿಯನ್ನು ಅಡ್ಡ ಹಿಡಿದು ಗೆರೆ ಕೊರೆದಳು. ತಿರುಗಿ ಒಂದು ಎಂದು ಬರೆದಳು. ಕೊಡತಿ ಎತ್ತಿ ತಾಮ್ರದ ಮೊಳೆಗೆ ಬಡಿದಳು. 'ಟಕ್' ಎಂದಿತು. ಒಳಗೆ ಮಗಳ ಅಳು ನಿಂತಿತು.

ಸಾಸಿವೆ ಬೆಳೆದಳು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ, ಅಷ್ಟೇ. ಇಪ್ಪತ್ತೊಂದಕ್ಕೆ ಅಪ್ಪನ ಭುಜ ದಾಟಿದಳು. ದೊಡ್ಡವರ ಅಳತೆ ನಿಧಾನಕ್ಕೆ ಇಳಿಯುತ್ತದೆ. ಅಮ್ಮ ಕೂಸಿನಷ್ಟಾಗಲು ಹನ್ನೆರಡು ವರ್ಷವೇ ಹಿಡಿಯಿತು. ಮೊದಲು ಅಟ್ಟದ ಕೊಕ್ಕೆ ಕೈಗೆ ಸಿಗದಾಯಿತು, ಆಮೇಲೆ ಬಾಗಿಲ ಚಿಲಕ. ಬೇಸಿನ್ನಿನ ಮುಂದೆ ಗಂಡ ಮೂರು ಮೆಟ್ಟಿಲು ಮಾಡಿಟ್ಟ. ನೋಡಲು ಬರುವವರಿಗೆ ಏನೋ ಎಲುಬಿನ ಕಾಯಿಲೆ ಎಂದು ಹೇಳಿ ಹೇಳಿ ಕೊನೆಗೆ ಬರುವವರೇ ಇಲ್ಲವಾದರು. ಕಂಬಕ್ಕೆ ಏನಾದರೂ ಆದರೆ ಅಮ್ಮನಿಗೆ ಆಗುತ್ತದೆ ಎಂದು ಮಗಳು ವರ್ಷಕ್ಕೆರಡು ಸಲ ಎಣ್ಣೆ, ಔಷಧಿ ಬಳಿಯುತ್ತಿದ್ದಳು. ಅಮ್ಮ ಪಕ್ಕದಲ್ಲಿ ಸಣ್ಣ ಮಣೆಯ ಮೇಲೆ ಕೂತು, ಬ್ರಷ್ಷನ್ನು ಮರದ ಎಳೆಯ ಜೊತೆಗೇ ಆಡಿಸು ಎಂದು ಗದರುತ್ತಿದ್ದಳು. ಕೈಕೆಲಸದ ವಿಷಯಕ್ಕೆ ಬಂದರೆ ನಾಲಿಗೆ ಮಾತ್ರ ಒಂದು ಬೆರಳೂ ಇಳಿದಿರಲಿಲ್ಲ.

ಒಂದು ಬೆಳಗ್ಗೆ ಸಾಸಿವೆ ಅಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಚ್ಚಲಿಗೆ ಹೊರಟಿದ್ದಳು.

"ಅಮ್ಮಾ, ನಿನ್ನ ಕಾಲಿಗೆ ಮಣ್ಣು ಹತ್ತಿದೆ."

ಹಿಮ್ಮಡಿಯಿಂದ ಮೀನಖಂಡದವರೆಗೆ ಒಂದು ಸಣ್ಣ ಗೆರೆ. ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಮಣ್ಣು ಮುರಿಯಿತು. ಒಳಗೆ ಬೆಳ್ಳಗೆ ಏನೋ ಹರಿದಾಡಿತು. ಸಾಸಿವೆ ತಿರುಗಿ ಪಡಸಾಲೆಯ ಕಡೆ ನೋಡಿದಳು. ಕಂಬದ ಬುಡದಿಂದ, ಹಳೆಯ ಗರಗಸದ ಗಾಯದ ಒಳಗಿಂದ, ಅದೇ ಗೆರೆ ಮೇಲೆ ಹತ್ತುತ್ತಿತ್ತು.

ಅಮ್ಮನನ್ನು ಮಣೆಯ ಮೇಲೆ ಕೂರಿಸಿ ಔಷಧಿಯ ಡಬ್ಬಿಗೆ ಓಡಿದಳು. ಮುಚ್ಚಳ ತೆಗೆದಳು. ಬ್ರಷ್ ಅದ್ದಿದಳು.

"ಮುಚ್ಚಳ ಹಾಕು," ಎಂದಳು ಅಮ್ಮ.

"ಅಮ್ಮಾ, ಈಗಲೇ ಹಚ್ಚಿದ್ರೆ..."

"ನಾಳೆ ನಿನಗೆ ಮಕ್ಕಳಾಗ್ತವೆ. ಇಲ್ಲೇ ಓಡಾಡ್ತವೆ. ಯಾವುದೋ ಒಂದು ಬಂದು ಇದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೆ." ಅವಳ ದನಿ ತೀರಾ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಈ ಒಂದು ಕಂಬವನ್ನ ಗೆದ್ದಲಿಗೆ ಬಿಟ್ಬಿಡು ಮಗಳೇ. ಉಳಿದ ಮನೆ ನಿನ್ನಿಷ್ಟ. ಮೊದಲು ಪಕ್ಕದಲ್ಲಿ ಇಟ್ಟಿಗೆ ಕಂಬ ಎಬ್ಬಿಸು. ತೊಲೆ ಬೀಳಬಾರದು."

ಮಾರನೆಯ ದಿನವೇ ಗಾರೆಯವನು ಬಂದ. ಸಾಸಿವೆ ಅಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೆ ಕೂತಳು. ಅಮ್ಮ ಕಂಬದ ನೇರ ನೋಡಲು ಇಳಿಬಿಟ್ಟ ನೂಲುಗುಂಡನ್ನೇ ನೋಡುತ್ತ, ಇನ್ನೊಂದು ಚೂರು ಎಡಕ್ಕೆ ಎಂದು ಮಗಳ ಬಾಯಲ್ಲಿ ಅವನಿಗೆ ಹೇಳಿಸುತ್ತಿದ್ದಳು. ಗಾರೆಯವನು ಕೈ ನಿಲ್ಲಿಸಿದಾಗಲೆಲ್ಲ ಒಂದು ಸಣ್ಣ ಕಿರಕಿರ ಸದ್ದು ಕೇಳುತ್ತಿತ್ತು. ಅದು ಕಂಬದಿಂದ ಬರುತ್ತಿದೆಯೋ ತೊಡೆಯ ಮೇಲಿಂದಲೋ ಸಾಸಿವೆಗೆ ತಿಳಿಯಲಿಲ್ಲ.

"ನೋವಾಗ್ತಿದ್ಯಾ ಅಮ್ಮಾ?"

"ಇಲ್ಲ. ಕಚಗುಳಿ ಇಟ್ಟ ಹಾಗಿದೆ."

ಮಗಳು ನಂಬಲಿಲ್ಲ. ಆದರೂ ಮುಚ್ಚಳ ಹಾಕಿದ ಡಬ್ಬಿಯನ್ನು ಮತ್ತೆ ಮುಟ್ಟಲಿಲ್ಲ.