ಎಡಗಾಲಿಯ ನಿಂಬೆಹಣ್ಣು

ತೇರಗಾಂವದ ಮಾಳದ ಅಂಚಿನಲ್ಲಿ ವಿಮಾನ ಒಂದು ಬದಿಗೆ ಮಗುಚಿ ಬಿದ್ದಿತ್ತು. ಒಂದು ರೆಕ್ಕೆ ಕಾಲುವೆಯ ಕೆಸರಿನಲ್ಲಿ, ಇನ್ನೊಂದು ಆಕಾಶಕ್ಕೆ. ಅಡಿಯಲ್ಲಿ ಸಿಕ್ಕಿದ್ದ ಈಶಪ್ಪನನ್ನು ಎಳೆದು ತೆಗೆದು, ಮುರಿದ ಕಾಲಿಗೆ ಬಿದಿರಿನ ಸೀಳು ಕಟ್ಟಿ, ಹಳಿಯಾಳದ ದವಾಖಾನೆಗೆ ಸಾಗಿಸಿಯಾಗಿತ್ತು. ೧೯೬೪ರ ವಿಜಯದಶಮಿ ಅದು. ಬನ್ನಿ ಹಂಚಬೇಕಾದ ಊರೆಲ್ಲ ಕಾಲುವೆಯ ದಂಡೆಯ ಮೇಲೆ ನಿಂತಿತ್ತು.

ಈಶಪ್ಪ ವಿಮಾನದಳದಲ್ಲಿ ಮೆಕ್ಯಾನಿಕ್ ಆಗಿ ದುಡಿದು ಊರಿಗೆ ಮರಳಿದವನು. ಗೆಳೆಯ ಶೇಖಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಟರ್ನರ್, ಅಂಬೇವಾಡಿಯ ವಾಸಿ. ಇಬ್ಬರೂ ಸೇರಿ ಈಶಪ್ಪನ ಕೊಟ್ಟಿಗೆಯಲ್ಲೇ ಈ ಒಂಟಿ ಸೀಟಿನ ವಿಮಾನ ಕಟ್ಟಿದ್ದರು. ಹಾರಲು ಪರವಾನಗಿ ಇನ್ನೂ ಬಂದಿರಲಿಲ್ಲ. ಸೀಮೋಲ್ಲಂಘನದ ದಿನ ನೆಲದ ಮೇಲೆ ಒಮ್ಮೆ ಜೋರಾಗಿ ಓಡಿಸೋಣ ಎಂದು ಹೊರಟಿದ್ದರು. ಓಡಿತು. ವೇಗ ಹಿಡಿಯಿತು. ಎಡಕ್ಕೆ ಎಳೆಯಿತು. ಕಾಲುವೆಗೆ ನುಗ್ಗಿತು.

ಹಳಿಯಾಳದ ಪೊಲೀಸ್ ಫೌಜದಾರ ಮಹಾಂತಪ್ಪ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎದುರುಗಾಳಿ ತಡೆಯಬಾರದೆಂದು ಎರಡೂ ಗಾಲಿಗಳಿಗೆ ತಗಡಿನ ಕವಚ ತೊಡಿಸಿದ್ದರು. ಟೈರಿನ ಅಡಿಭಾಗ ಮಾತ್ರ ಅದರ ಹೊರಗೆ ಇಣುಕುತ್ತಿತ್ತು. ಊರ ಪೋಲಿಗಳು ಅದಕ್ಕೆ, ವಿಮಾನದ ಚಡ್ಡಿ ಎಂಬಂತೆ, 'ಚಣ್ಣ' ಎಂದು ಹೆಸರಿಟ್ಟಿದ್ದರು.

"ಎಡಗಾಲಿ ಚಣ್ಣ ಬಿಚ್ಚಿಸ್ರಿ," ಎಂದ ಫೌಜದಾರ.

ಸ್ಕ್ರೂ ತೆಗೆದರು. ಹೆಬ್ಬೆರಳಿನಿಂದ ಒತ್ತಿದರೆ ಟೈರು ಹಿಟ್ಟಿನ ಉಂಡೆಯಂತೆ ತಗ್ಗಿತು. ಬಲಗಾಲಿಯದು ಕಲ್ಲಿನಂತಿತ್ತು.

* * *

ಮೊದಲು ಗುಮಾನಿಗೆ ಸಿಕ್ಕವನು ಸೈಕಲ್ ಅಂಗಡಿಯ ದ್ಯಾಮಪ್ಪ. ಹಿಂದಿನ ದಿನ ಗಾಳಿ ತುಂಬಿದವನು ಅವನೇ.

"ಎಲ್ಲಾರ ಮುಂದ ತುಂಬೇನ್ರಿ ಸಾಹೇಬ್ರ. ಚಣ್ಣಕ್ಕ ಒಂದು ಸಣ್ಣ ಮುಚ್ಚಳ ಐತಿ. ಗಾಲಿ ಉರುಳಿಸಿ, ವಾಲ್ವು ಆ ಮುಚ್ಚಳದ ಎದುರಿಗೆ ತಂದು ನಿಲ್ಲಸಬೇಕು. ಆಗ ಮಾತ್ರ ಕೈ ಹೋಗತೈತಿ. ಗಾಳಿ ಅಳಿಯೂ ಗೇಜು ಹಚ್ಚಿ ಈಶಪ್ಪಣ್ಣಗೂ ತೋರಿಸೇನಿ."

ಆ ಟೈರಿಗೆ ಮತ್ತೆ ಗಾಳಿ ತುಂಬಿಸಿ, ನೀರಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಪಂಕ್ಚರ್ ಇಲ್ಲ, ಸೋರಿಕೆಯಿಲ್ಲ. ಗಾಳಿ ತಾನಾಗಿ ಹೋದದ್ದಲ್ಲ, ಯಾರೋ ಬಿಟ್ಟದ್ದು.

"ದ್ಯಾಮಪ್ಪನ ತಪ್ಪಿಲ್ರಿ," ಎಂದು ಶೇಖಪ್ಪ ಮುಂದೆ ಬಂದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. "ಸಂಜೀಕ ಆಯುಧ ಪೂಜಿ ಆದಮ್ಯಾಲ ನಾನ ಮುಚ್ಚಳ ತೆಗದು ಗೇಜು ಹಚ್ಚೇನಿ. ಎರಡೂ ಸರಿ ಇದ್ದವು."

"ಅಂದ್ರ ಆಮ್ಯಾಲ ಯಾರೋ ಬಿಟ್ಟಾರ?"

"ಆಮ್ಯಾಲ ನಾನು ಅಂಬೇವಾಡಿಗೆ ಹೋದೆ. ಮನ್ಯಾಗ ಇದ್ದವರು..." ಶೇಖಪ್ಪ ಮಾತು ನುಂಗಿದ. "ಬ್ಯಾಡ್ರಿ. ವೈನಿ ಹೆಸರು ನನ್ನ ಬಾಯಾಗ ಬರೂದು ಬ್ಯಾಡ."

ಈಶಪ್ಪನ ಹೆಂಡತಿ ಗಿರಿಜಾಬಾಯಿಯ ಹೆಸರು ಹೇಳಲಾರೆ ಎನ್ನುತ್ತಲೇ ಹೇಳಿ ಮುಗಿಸಿದ್ದ. ಉಳಿದದ್ದನ್ನು ಈಶಪ್ಪನ ತಾಯಿ ತಾಯವ್ವ ಪೂರೈಸಿದಳು.

"ಇಕೀನ ಮಾಡ್ಯಾಳ್ರಿ, ನನ್ನ ಸೊಸಿ! ವಿಮಾನ ಕಂಡ್ರ ಉರದು ಬೀಳತಿದ್ಲು. ಮುಂಜಾನೆದ್ದು 'ಇವತ್ತ ಬ್ಯಾಡ್ರಿ, ಬ್ಯಾಡ್ರಿ' ಅಂತ ಗೋಳಾಡಿದ್ಲು. ಅಕಿಗೆ ಮೊದಲ ಗೊತ್ತಿತ್ತಲ್ಲ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು. ಮಧ್ಯಾಹ್ನದೊಳಗೆ ಗಿರಿಜಾಬಾಯಿ ಗಂಡನ ಕೊರಳು ಕೊಯ್ಯಹೊರಟ ಹೆಂಗಸಾಗಿದ್ದಳು. ಸುದ್ದಿ ದವಾಖಾನೆಗೂ ಮುಟ್ಟಿತು. ಈಶಪ್ಪ ಗೋಡೆಯ ಕಡೆ ಹೊರಳಿ ಅಂದನಂತೆ: "ಅಕಿನ್ನ ಒಳಗ ಬಿಡಬ್ಯಾಡ್ರಿ. ಮಾರಿ ನೋಡೂದಿಲ್ಲ."

* * *

ಗಿರಿಜಾಬಾಯಿ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆ ಆರಿತ್ತು.

"ವಿಮಾನದ ಮ್ಯಾಲ ಹೊಟ್ಟಿಕಿಚ್ಚು ಇತ್ತೇನವಾ ತಂಗಿ?" ಮಹಾಂತಪ್ಪ ನೇರವಾಗಿ ಕೇಳಿದ.

"ಇತ್ರಿ. ಯಾಕ ಇರಬಾರ್ದು? ಮುಂಜಾನೆದ್ದು ಅದರ ಮಾರಿ ಒರಸ್ತಾರ, ನನ್ನ ಮಾರಿ ನೋಡೂದಿಲ್ಲ. ಉಣ್ಣಾಕ ಕರದ್ರ, 'ಬಂದೆ' ಅಂತ ಅದರ ಹೊಟ್ಟ್ಯಾಗ ಹೋಗಿ ಮಕ್ಕೋತಾರ. ಕೊಡಲಿ ತಗೊಂಡು ಕಡೀತೇನಿ ಅಂತ ಓಣಿ ತುಂಬ ಅಂದೇನಿ. ಆದ್ರ ಅದರಾಗ ಕೂಡಾವ್ರು ನನ್ನ ಗಂಡ ಅಲ್ರೀ?"

ಬಾಯಿಬಿಟ್ಟು ಉರಿಯುವವರು ಕದ್ದು ಗಾಳಿ ಬಿಡುವುದು ಕಡಿಮೆ ಎಂದು ಮಹಾಂತಪ್ಪನ ಅನುಭವ. ಆದರೆ ಅನುಭವವನ್ನು ಕೋರ್ಟಿನಲ್ಲಿ ಹಾಜರುಪಡಿಸಲಾಗದು.

"ಮುಂಜಾನೆ ಬ್ಯಾಡ ಅಂದಿ. ಯಾಕ?"

"ಅಪಶಕುನ ಆಗಿತ್ರಿ. ಪೂಜಿಗೆ ಎರಡೂ ಗಾಲಿ ಮುಂದ ನಿಂಬಿಹಣ್ಣು ಇಟ್ಟು, ಮುಂದಕ್ಕ ತಳ್ಳಿ, ಮ್ಯಾಲ ನಿಲ್ಲಿಸಿದ್ರು. ಬಲಕಿನದು ಟಪ್ ಅಂತು. ಎಡಕಿನದು ಸಪ್ಪಳ ಮಾಡ್ಲಿಲ್ಲ. ಮುಂಜಾನೆ ವಿಮಾನ ಹೊರಗ ತಳ್ಳಿದ ಮ್ಯಾಲ ನೋಡತೇನಿ, ಒಡದ ಇಲ್ಲ! ಚಪ್ಪಟ ಆಗೇತಿ ಅಷ್ಟ. ಇವರಿಗೆ ಹೇಳಿದೆ. ನಕ್ಕರು."

ಫೌಜದಾರ ಎದ್ದು ನಿಂತ.

"ಆ ವಿಮಾನ ರಾತ್ರಿ ಯಾರರ ಅಲುಗಿಸಿದ್ರೇನು?"

"ಪೂಜಿ ಆದದ್ದು ಬೆಳಗಾಗೂತನಕ ಅಲುಗಬಾರ್ದ್ರಿ. ಅತ್ತಿ ಕೊಟ್ಟಿಗಿ ಬಾಗಲದಾಗ ಹಾಸಿಕೊಂಡಿದ್ರು. ನಿಂಬಿಹಣ್ಣು ಗಾಲಿ ಕೆಳಗ ಇಟ್ಟಲ್ಲೇ ಇದ್ದವು."

* * *

ಮರುದಿನ ವಿಮಾನವನ್ನು ಎತ್ತುಗಳಿಂದ ಎಳೆಸಿ ಕೊಟ್ಟಿಗೆಗೆ ತಂದರು. ರೆಕ್ಕೆ ಮುರಿದಿತ್ತು, ಗಾಲಿ ಗಟ್ಟಿಯಿತ್ತು. ಎಡಗಾಲಿಗೆ ಚಣ್ಣ ತೊಡಿಸಿ, ವಾಲ್ವನ್ನು ಮುಚ್ಚಳದ ಎದುರಿಗೆ ತಂದು, ದ್ಯಾಮಪ್ಪ ಗಾಳಿ ತುಂಬಿದ. ಮಹಾಂತಪ್ಪ ನಿಂಬೆಹಣ್ಣು ಇಟ್ಟ. ತಳ್ಳಿದರು.

ಟಪ್.

ಗಾಲಿಯನ್ನು ಹಿಂದಕ್ಕೆ ತಂದು ಅರ್ಧ ಗಾಳಿ ಬಿಡಿಸಿದ. ಇನ್ನೊಂದು ನಿಂಬೆಹಣ್ಣು. ತಳ್ಳಿದರು. ಸಪ್ಪಳವಿಲ್ಲ. ಮೆತ್ತಗಿನ ಟೈರು ಹಣ್ಣಿನ ಮೇಲೆ ಹರಡಿಕೊಂಡಿತ್ತು. ಚಣ್ಣ ಇದ್ದುದರಿಂದ ಟೈರು ಕುಸಿದದ್ದು ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ.

"ತಿಳೀತೇನು? ಪೂಜಿಕ್ಕಿಂತ ಮೊದಲ ಗಾಳಿ ಹೋಗಿತ್ತು. ರಾತ್ರಿ ಅಲ್ಲ." ಫೌಜದಾರ ಈಶಪ್ಪನ ಗೆಳೆಯನ ಕಡೆ ತಿರುಗಿದ. "ಶೇಖಪ್ಪ, ಪೂಜಿ ಆದಮ್ಯಾಲ ಗೇಜು ಹಚ್ಚಿದೆ ಅಂದಿ. ಗಾಲಿ ಈಗ ಅವತ್ತಿನಂಗ ನಿಂಬಿಹಣ್ಣಿನ ಮ್ಯಾಲ ಐತಿ. ಹಚ್ಚಿ ತೋರಿಸು."

ಶೇಖಪ್ಪ ಮುಚ್ಚಳ ತೆಗೆದ. ಒಳಗೆ ಬರೀ ಕಬ್ಬಿಣ. ಗಾಲಿ ಸ್ವಲ್ಪ ಉರುಳಿದ್ದರಿಂದ ವಾಲ್ವು ಮುಚ್ಚಳದಿಂದ ಸರಿದು ಚಣ್ಣದೊಳಗೆ ಹೋಗಿತ್ತು.

"ಸ್ವಲ್ಪ... ಸ್ವಲ್ಪ ಹಿಂದಕ್ಕ ತಳ್ಳಿದ್ದೆ ಅನಸ್ತೈತಿ."

"ತಳ್ಳಿದ್ರ ನಿಂಬಿಹಣ್ಣು ಇಟ್ಟಲ್ಲೇ ಹೆಂಗ ಉಳದ್ವು? ತಾಯವ್ವ, ಬಾಗಲದಾಗ ನೀನ ಮಲಗಿದ್ದಿ. ಯಾರರ ತಳ್ಳಿದ್ರೇನು?"

"ಇಲ್ಲಪಾ," ಎಂದಳು ಮುದುಕಿ, ಸಣ್ಣ ದನಿಯಲ್ಲಿ.

"ಗಾಳಿ ತುಂಬಿದ ಮ್ಯಾಲ, ಪೂಜಿ ಆಗೂ ಮೊದಲ, ಸೊಸಿ ಎಲ್ಲಿದ್ಲು?"

"ನನ್ನ ಮುಂದ ಕುಂತು ಹೋಳಿಗಿ ಲಟ್ಟಸ್ತಿದ್ಲು."

"ಎಲ್ಲಾರನ್ನೂ ಕೇಳಿ ತಿಳಕೊಂಡೇನಿ. ಈಶಪ್ಪ ಜಳಕಕ್ಕ ಹೋಗಿದ್ದ. ದ್ಯಾಮಪ್ಪ ತನ್ನ ಅಂಗಡಿ ಪೂಜಿಗೆ ಹೋಗಿದ್ದ. ವಿಮಾನಕ್ಕ ಚೆಂಡುಹೂವಿನ ಮಾಲಿ ಕಟ್ಟತೇನಿ ಅಂತ ಉಳದಾವ ನೀನೊಬ್ಬ. ವಾಲ್ವು ಮುಚ್ಚಳದ ಎದುರಿಗೇ ಇತ್ತು. ಬೆರಳು ಒತ್ತಿದ್ರ ಸಾಕಿತ್ತು. ಆಮ್ಯಾಲ ಗಾಳಿ ಸರಿ ಇತ್ತು ಅಂತ ಸುಳ್ಳು ಹೇಳಿದ್ದು ಯಾಕ? ಗಾಳಿ ಬಿಟ್ಟ ಹೊತ್ತು ರಾತ್ರಿಗೆ ಸರೀಲಿ, ಗುಮಾನಿ ಈ ತಂಗಿ ಮ್ಯಾಲ ಹೋಗ್ಲಿ ಅಂತ."

ಶೇಖಪ್ಪ ಗಾಲಿಯ ಪಕ್ಕದಲ್ಲೇ ಕುಸಿದು ಕೂತ. ಆಮೇಲೆ ಒಮ್ಮೆಲೇ ಸಿಡಿದ.

"ಇನ್ನೊಂದು ಸೀಟು ಹಚ್ಚೂಣು, ಅದರಾಗ ಮೊದಲ ನೀನ ಕೂಡಬೇಕು ಅಂದಿದ್ದನ್ರಿ ಅಂವ! ಗಿರಣಿ ಪಾಳಿ ಮುಗಿಸಿ ಸೈಕಲ್ ತುಳಕೊಂಡು ಬಂದೇನಿ ವರ್ಷಗಟ್ಟಲೆ. ಹೋದ ವಾರ ಅಂತಾನ, 'ಆ ಸೀಟು ಗಿರಿಜಾಗ ಇರ್ಲಿ, ಪಾಪ ಬ್ಯಾಸರಾಗ್ಯಾಳ.' ಒಂದು ಮೊಳಿ ಬಡದಿಲ್ರಿ ಅಕಿ! ನನ್ನ ಸೀಟು ಅಕಿಗೆ? ಸಾಯಲಿ ಅಂತ ಮಾಡ್ಲಿಲ್ರಿ. ಊರ ಮುಂದ ಅಂವ ಒಮ್ಮೆ ಮಣ್ಣು ಮುಕ್ಕಲಿ ಅನಿಸಿತು."

ಎರಡನೇ ಸೀಟಿನ ಸುದ್ದಿಯನ್ನು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಾಬಾಯಿ ಕೇಳಿದ್ದು ಆಗಲೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

* * *

ಮಹಾಂತಪ್ಪ ದವಾಖಾನೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಾಗ ಈಶಪ್ಪನ ಮುಖ ನೋಡುವಂತಿರಲಿಲ್ಲ.

"ಗಿರಿಜಾ ಎಲ್ಲಿ ಅದಾಳ್ರಿ?"

"ಹೊರಗ ನಿಂತಾಳ. ನಿನ್ನೆಯಿಂದ ಒಳಗ ಬಿಟ್ಟಿಲ್ಲಲ್ಲ ನೀವು."

ಕರೆದರು. ಅವಳು ಬಂದು ಊಟದ ಡಬ್ಬಿಯನ್ನು ಮಂಚದ ಪಕ್ಕ ಇಟ್ಟಳು.

"ನಂದು ತಪ್ಪಾತು," ಎಂದ ಈಶಪ್ಪ. "ಇನ್ನೊಂದು ಸೀಟು ನಿನಗಂತ..."

"ಕೇಳೇನ್ರಿ. ನನಗ ಸೀಟು ಬೇಕಾಗಿರ್ಲಿಲ್ಲ. ಎಲ್ಲಾರೂ ನನ್ನ ಕಡೆ ಬಟ್ಟು ಮಾಡಿದಾಗ, 'ಅಕಿ ಹಂತಾಕಿ ಅಲ್ಲ' ಅಂತ ನೀವು ಒಂದು ಮಾತು ಅನ್ನಬೇಕಿತ್ತು. ಅದನ್ನ ಪರಿಚಯ ಇಲ್ಲದ ಫೌಜದಾರ್ರು ಬಂದು ಅಂದ್ರು."

ಈಶಪ್ಪ ಕೈ ಚಾಚಿದ. ಅವಳು ಹಿಡಿಯಲಿಲ್ಲ.

"ಬಿಸಿ ಐತಿ, ಉಣ್ರಿ. ನಾನು ಮುಂಡಗೋಡಕ್ಕ ತವರಿಗೆ ಹೊಂಟೇನಿ. ಕಾಲು ಕೂಡಿದ ಮ್ಯಾಲ ಬರ್ರಿ. ನಿಮ್ಮವ್ವನ್ನ ಕಳಸಬ್ಯಾಡ್ರಿ, ಹಿರ್ಯಾರನ್ನ ಕಳಸಬ್ಯಾಡ್ರಿ. ನೀವ ನಡಕೊಂತ ಬಂದು, ನಮ್ಮಪ್ಪನ ಮುಂದ ಆ ಮಾತು ಅನ್ರಿ. ಆಗ ವಿಚಾರ ಮಾಡತೇನಿ."

ಮಹಾಂತಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.