ಸ್ಕ್ಯಾನಿನ ನಂತರದ ಮೌನ

ರೇಣುಕಪ್ರಸಾದನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಕಾಫಿ ಕುಯ್ಲಿನವರು ಮತ್ತೆ ತೋಟಕ್ಕೆ ಇಳಿದರು. ತುಂಬು ಬಸುರಿ ಭುವನಾ ಒಲೆ ಹಚ್ಚಿದಳು. ಗಂಡ ಹೋದರೂ ಅಳು ಬರಲಿಲ್ಲ. ನಾಚಿಕೆ ಮಾತ್ರ ಬಂತು.

"ಮಂಗಳೂರಿಗೆ ಯಾವತ್ತು ಹೊರಡೋದು?" ಅತ್ತೆ ಸರೋಜಮ್ಮ ಕೇಳಿದರು.

"ಹೋಗಲ್ಲ ಅತ್ತೆ. ಏನಾಗುತ್ತೋ ಇಲ್ಲೇ ಆಗಲಿ."

ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆಯ ಗೋಡೆ ಒಂದು ಕಡೆ ತೆರೆದಿದ್ದು ಕಂಡಿತ್ತು, ಕರುಳು ಹೊರಗಿತ್ತು.

"ಕರುಳು ಊದಿಲ್ಲ, ಲಿವರ್ ಒಳಗೇ ಇದೆ. ಮಂಗಳೂರಲ್ಲಿ, ಸರ್ಜನ್ ಇರೋ ಕಡೆ ಹೆರಿಗೆ ಆದ್ರೆ ಮಗು ಉಳಿಯೋ ಸಾಧ್ಯತೆ ಚೆನ್ನಾಗಿದೆ. ಮನೇಲಿ ಆದ್ರೆ ಕಷ್ಟ," ಎಂದಿದ್ದರು ಡಾಕ್ಟರ್.

ಊರು ಬೇರೆಯೇ ಹೇಳಿತು. ಆಗಸ್ಟಿನ ಗ್ರಹಣದ ಸಂಜೆ ಬಸುರಿ ತರಕಾರಿ ಹೆಚ್ಚಿದ್ದಳಂತೆ! ಎಂ.ಎಸ್ಸಿ. ಓದಿದ ಭುವನಾ ಮೊದಲು ನಕ್ಕಿದ್ದಳು. ಈಗ ಒಳಗೊಳಗೇ ನಂಬತೊಡಗಿದ್ದಳು... ಅದಕ್ಕೂ ನಾಚಿಕೆ.

ಸ್ಕ್ಯಾನ್ ಆದಂದಿನಿಂದ ಪ್ರಸಾದ್ ಅವಳೊಡನೆ ಸರಿಯಾಗಿ ಮಾತಾಡಿರಲಿಲ್ಲ. "ನನ್ನ ಕಂಡ್ರೆ ಅಸಹ್ಯನಾ ನಿಮಗೆ?" ಎಂದು ಅವಳು ಕೂಗಾಡಿದರೂ ಸುಮ್ಮನೆ ಎದ್ದು ಹೋಗಿದ್ದ. ಆಮೇಲೊಂದು ಸಂಜೆ ಬಣಕಲ್ ತಿರುವಿನಲ್ಲಿ ಬೈಕ್ ಜಾರಿತು...

ಹಿಂಬಾಗಿಲಲ್ಲಿ ಕಾಫಿ ಕುಯ್ಯುವ ಪಾಪಮ್ಮ ಬಂದು ನಿಂತಳು.

"ಅಮ್ಮಾ, ನಮ್ಮ ತೊಟ್ಟಿಲು... ವಾಪಸ್ ಕೇಳೋಕಲ್ಲ. ನಿಮ್ಮ ಗೋಡೌನಲ್ಲಿ ಇಲಿ ಕಡೀತಾವೆ, ಒಳಗೆ ತಂದಿಡಿ ಅಂತ."

"ಯಾವ ತೊಟ್ಟಿಲು?"

"ಅಯ್ಯೋ, ಸಾವ್ಕಾರ್ರು ಹೇಳ್ಲಿಲ್ವಾ? ಸ್ಕ್ಯಾನ್ ಆದ ಮಾರನೇ ದಿನಾನೇ ಬಂದಿದ್ರು. 'ನಿನ್ನ ಮಕ್ಕಳೆಲ್ಲ ಗಟ್ಟಿಯಾಗಿ ಉಳಿದಿದಾವೆ ಪಾಪಮ್ಮ, ಆ ತೊಟ್ಟಿಲೇ ಬೇಕು' ಅಂದ್ರು. ಕೇಳ್ತಾ ಕೇಳ್ತಾ ಅತ್ತೇಬಿಟ್ರು. 'ಅವಳ ಮುಂದೆ ಬಾಯಿ ತೆರೆದ್ರೂ ಹಿಂಗೇ ಆಗುತ್ತೆ, ಹೆದರ್ತಾಳೆ' ಅಂತ..."

ಭುವನಾಳ ಮುಖ ಬಿಸಿಯಾಯಿತು. 'ಎಂಥಾ ಮಾತು ಅಂದುಬಿಟ್ಟೆ ಅವರಿಗೆ...!'

ಈಗ ಅಳು ಬಂತು. ಸರೋಜಮ್ಮ ತಮ್ಮ ಸೆರಗಿನಿಂದಲೇ ಅವಳ ಮುಖ ಒರೆಸಿದರು.

"ಜೀಪಿಗೆ ಹೇಳ್ಲಾ?"

"ಹೇಳಿ ಅತ್ತೆ."

ಮಂಗಳೂರಿನಲ್ಲಿ ಹೆಣ್ಣುಮಗು ಹುಟ್ಟಿತು. ಸರ್ಜನ್ ಅಂದೇ ಕರುಳನ್ನು ಒಳಗಿಟ್ಟು ಹೊಲಿದರು. ಹಾಲು ಮೈಗೆ ಹತ್ತಲು ವಾರಗಟ್ಟಲೆ ಕಾಯಬೇಕಾಯಿತು. ಹತ್ತಿತು!

ಮಗಳು ಎದ್ದು ಕೂರಲು ಕಲಿತ ಮೇಲೆ ಭುವನಾ ಅವಳನ್ನೂ ಎತ್ತಿಕೊಂಡು ಹೋಗಿ ತೊಟ್ಟಿಲನ್ನು ಪಾಪಮ್ಮನ ಮನೆಗೆ ಮರಳಿಸಿದಳು.

"ಎಲ್ಲಿ, ಪಾಪು ಹೊಟ್ಟೆ ತೋರ್ಸಿ!" ಎಂದಳು ಪಾಪಮ್ಮ.

ಅಷ್ಟು ದಿನ ಎಲ್ಲರಿಂದ ಮುಚ್ಚಿಟ್ಟಿದ್ದ ಗಾಯದ ಗುರುತನ್ನು ಭುವನಾ ತಾನೇ ಮಗಳ ಅಂಗಿ ಎತ್ತಿ ತೋರಿಸಿದಳು.

"ಇಷ್ಟೇನಾ? ನನ್ನ ಮೊಣಕಾಲಲ್ಲಿ ಇದಕ್ಕಿಂತ ದೊಡ್ಡದಿದೆ!"

ಭುವನಾ ನಕ್ಕಳು. ಮಗಳ ಅಂಗಿ ಸರಿಮಾಡಿದಳು.

"ಅವರ ಮೇಲೆ ನನಗೆ ತುಂಬಾ ಪ್ರೀತಿ ಇತ್ತು ಪಾಪಮ್ಮ... ಹೇಳಲೇ ಇಲ್ಲ."

"ಇವಳಿಗೆ ಹೇಳಿ ಅಮ್ಮಾ. ಕೇಳ್ತಾ ಇದಾಳೆ ನೋಡಿ."